ಐತಾಳ ಮಾಮನ ಕೀ ಮತ್ತು ನಾನು ಅಳಿಸಿದ ದಾರಿ

ಒಂದು ನಿಮಿಷ ಕಾಯಿರಿ, ಪುಟ ತಿರುಗಿಸಬೇಡಿ. ಹೋದ ಭಾನುವಾರ ಮುಂಬ್ರಾ ದಾಟಿ ಸುಮ್ಮನೆ ನಿಂತುಬಿಟ್ಟ ರೈಲಿನಲ್ಲಿ ನಾನು ಮುಕ್ಕಾಲು ಗಂಟೆ ಕಾದಿದ್ದೇನೆ. ಅದೂ ಇನ್ನೊಬ್ಬರ ನೌಕರಿಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು. ನಿಮಗೆ ಒಂದು ನಿಮಿಷ ಏನು ಮಹಾ?

ಆಗಿದ್ದು ಇಷ್ಟೇ. ಡೊಂಬಿವಲಿಯ ನಮ್ಮ ಮನೆಯಲ್ಲಿ ಕೂತು ಮೂರು ಶಬ್ದ ಟೈಪ್ ಮಾಡಿದೆ. ರೂಟ್ ಡೆಲ್ ಡಿಫಾಲ್ಟ್. ಎಂಟರ್ ಒತ್ತಿದೆ. ರಬಾಳೆಯ ಒಂದು ಕಂಪನಿ ಇಂಟರ್ನೆಟ್ಟಿನಿಂದ ಮಾಯವಾಯಿತು.

ಮೊದಲು ಐತಾಳ ಮಾಮನ ಪರಿಚಯ ಮಾಡಿಸುತ್ತೇನೆ. ನಮ್ಮ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿದ್ದಾರೆ, ಕೋಟದ ಕಡೆಯವರು. ರಬಾಳೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾಕಿಂಗ್ ಡಬ್ಬ ಮಾಡುವ ಕಂಪನಿಯೊಂದರ ಅಡ್ಮಿನ್. ಅಡ್ಮಿನ್ ಅಂದರೆ ಚಹಾದಿಂದ ಹಿಡಿದು ಕಂಪ್ಯೂಟರ್‌ವರೆಗೆ ಏನೇ ಕೆಟ್ಟರೂ ಬೈಸಿಕೊಳ್ಳುವವರು. ರಿಟೈರ್ ಆಗುವುದಕ್ಕೆ ಇನ್ನು ಎರಡೇ ವರ್ಷ.

ಕಂಪನಿಯ ಸರ್ವರ್ ರೂಮಿನ ಕೀ ಇರುವುದು ಅವರ ಹತ್ತಿರ ಮಾತ್ರ. ಹತ್ತಿರ ಅಂದರೆ ಎಲ್ಲಿ? ಜನಿವಾರದಲ್ಲಿ. ಹಿಂದೊಮ್ಮೆ ಲೋಕಲ್ ರೈಲಿನಲ್ಲಿ ಯಾರೋ ಅವರ ಜೇಬು ಕತ್ತರಿಸಿದ್ದರಂತೆ. ಅವತ್ತಿನಿಂದ ಕೀ ಜನಿವಾರಕ್ಕೆ ಕಟ್ಟಿಕೊಂಡೇ ಇದೆ. ವರ್ಷಕ್ಕೊಮ್ಮೆ ಉಪಾಕರ್ಮದ ದಿನ ಜನಿವಾರ ಬದಲಾಗುತ್ತದಲ್ಲ, ಅವತ್ತು ಕೀಗೂ ಹಳೆಯ ದಾರದಿಂದ ಹೊಸ ದಾರಕ್ಕೆ ಟ್ರಾನ್ಸ್‌ಫರ್.

ಇನ್ನು ನಾನು. ನಿಮಗೆ ಗೊತ್ತೇ ಇದೆ. ಓದಿದ್ದು ಬಿ.ಕಾಂ. ಹಗಲು ಐರೋಲಿಯಲ್ಲಿ ಡೇಟಾ ಎಂಟ್ರಿ, ಉಳಿದ ಹೊತ್ತು ಕಂಪ್ಯೂಟರಿನಲ್ಲಿ ಲಿನಕ್ಸ್ ಕಲಿಯುವುದು. ಮ್ಯಾಗಜೀನ್ ಜೊತೆ ಪುಕ್ಕಟೆ ಬಂದ ಸಿಡಿಯೇ ನನ್ನ ಕಾಲೇಜು. ಯಾವ ಕ್ಲಾಸಿಗೂ ಹೋದವನಲ್ಲ. (ಹೋಗಿದ್ದರೆ ಈ ಅಂಕಣಕ್ಕೆ ಇವತ್ತು ವಿಷಯವೇ ಇರುತ್ತಿರಲಿಲ್ಲ.)

ಮಾಮನ ಕಂಪನಿಯ ಹಳೇ ಇಂಟರ್ನೆಟ್ ಲೈನ್ ದಿನಕ್ಕೆ ಮೂರು ಸಲ ಬೀಳುತ್ತಿತ್ತು. ಹೊಸ ಲೈನ್ ತಂದು ಸರ್ವರಿನವರೆಗೆ ಎಳೆದೂ ಆಗಿತ್ತು. ಆದರೆ ಸರ್ವರನ್ನು ಹೊಸ ಲೈನಿಗೆ ತಿರುಗಿಸಬೇಕಾದ ಕಂಟ್ರಾಕ್ಟ್ ಎಂಜಿನಿಯರ್ ಬರುತ್ತಲೇ ಇಲ್ಲ. ಕೇಳಿದಾಗೆಲ್ಲ ‘ನೆಕ್ಸ್ಟ್ ವೀಕ್’. ಲೈನ್ ಬಿದ್ದಾಗೆಲ್ಲ ಕಂಪನಿಯ ಮಾಲೀಕರಾದ ಶೇಠ್ ಬೈಯುವುದು ಮಾತ್ರ ಮಾಮನಿಗೆ.

ಶನಿವಾರ ಸಂಜೆ ಮೆಟ್ಟಿಲ ಮೇಲೆ ಸಿಕ್ಕರು.

“ಹೋಯ್ ಗಿರೀಶಾ, ಈ ಹೊಸ ಲೈನಿಗೆ ಹಾಕುದು ಅಂದ್ರೆ ಭಾರೀ ಕಷ್ಟ ಉಂಟಾ?”

“ಎಂತ ಕಷ್ಟ ಮಾಮಾ? ಎರಡು ಕಮಾಂಡ್. ಮನೆಯಲ್ಲೇ ಕೂತು ಮಾಡ್ತೇನೆ.”

“ಮನೆಯಲ್ಲೇ? ರಬಾಳೆಗೆ ಹೋಗದೆ?”

“ಎರಡು ನಿಮಿಷದ ಕೆಲಸ.”

ಅವರು ಜೇಬು ತಡಕಿ ಪೆನ್ನು ತೆಗೆದರು. ಆಮೇಲೆ ಔಷಧಿ ಅಂಗಡಿಯ ಚೀಟಿಯ ಹಿಂದೆ ಪಾಸ್‌ವರ್ಡ್ ಬರೆದುಕೊಟ್ಟರು. “ಯಾರಿಗೂ ಹೇಳ್ಬೇಡ. ಕಂಟ್ರಾಕ್ಟಿನವ್ರು ಬಿಟ್ಟು ಬೇರೆಯವ್ರು ಮುಟ್ಟಿದ್ದು ಗೊತ್ತಾದ್ರೆ ಶೇಠ್ ನನ್ನನ್ನು ಸೀದಾ ಮನೆಗೆ ಕಳಿಸ್ತಾರೆ.”

ನಾನು ನಕ್ಕೆ. ಯಾಕೆ ನಕ್ಕೆ ಅಂತ ಈಗಲೂ ಗೊತ್ತಾಗುತ್ತಿಲ್ಲ.

ಭಾನುವಾರ ಫ್ಯಾಕ್ಟರಿ ರಜೆ. ಸರ್ವರ್ ಬಳಸುವವರು ಒಬ್ಬರೇ, ಶೇಠ್. ಠಾಣೆ ನಗರದ ಮಾಜಿವಾಡಾದ ತಮ್ಮ ಮನೆಯಿಂದ ಪ್ರತಿ ಭಾನುವಾರ ಊಟ ಮುಗಿಸಿ ಎರಡು ಗಂಟೆಗೆ ಲಾಗಿನ್ ಆಗಿ ವಾರದ ಲೆಕ್ಕ ನೋಡುತ್ತಾರೆ. ನಾನು ಕೂತಾಗ ಹನ್ನೊಂದೂ ಇಪ್ಪತ್ತು. ಬೇಕಾದಷ್ಟು ಟೈಮ್ ಇತ್ತಲ್ಲವೇ?

ಕಂಪ್ಯೂಟರ್ ಗೊತ್ತಿಲ್ಲದವರಿಗಾಗಿ ಒಂದೇ ಪ್ಯಾರಾ, ಸಹಿಸಿಕೊಳ್ಳಿ. ಪ್ರತಿ ಮಷೀನಿನಲ್ಲೂ ದಾರಿಗಳ ಒಂದು ಪಟ್ಟಿ ಇರುತ್ತದೆ. ಈ ವಿಳಾಸಕ್ಕೆ ಹೀಗೆ ಹೋಗು, ಆ ವಿಳಾಸಕ್ಕೆ ಹಾಗೆ ಹೋಗು. ಅದರಲ್ಲಿ ಒಂದು ಸಾಲು ಡಿಫಾಲ್ಟ್. ಯಾವ ದಾರಿಯೂ ಗೊತ್ತಿಲ್ಲದಿದ್ದರೆ ಈ ಕಡೆ ಹೋಗು ಅಂತ. ನಾನು ಮಾಡಬೇಕಾಗಿದ್ದು ಹಳೇ ಡಿಫಾಲ್ಟ್ ತೆಗೆದು ಹೊಸದನ್ನು ಹಾಕುವುದು. ಮೊದಲನೇ ಕಮಾಂಡಿನಲ್ಲಿ ಹಳೆಯದನ್ನು ತೆಗೆದೆ. ಎರಡನೆಯದನ್ನು ಟೈಪ್ ಮಾಡುತ್ತೇನೆ, ಅಕ್ಷರ ಮೂಡುತ್ತಿಲ್ಲ. ಕರ್ಸರ್ ನಿಂತಿದೆ. ನಾನು ಡೊಂಬಿವಲಿಯಿಂದ ಮಾತಾಡುತ್ತಿದ್ದೆನಲ್ಲ, ನನಗೆ ಉತ್ತರ ಕೊಡುವುದಕ್ಕೂ ಅದಕ್ಕೆ ಇದ್ದಿದ್ದು ಅದೇ ದಾರಿ. ಅದನ್ನು ನಾನೇ ಅಳಿಸಿದ್ದೆ.

ಬ್ಲೈಂಡಾಗಿ ಇನ್ನೊಮ್ಮೆ ಟೈಪ್ ಮಾಡಿದೆ. ಇಲ್ಲ. ಹೊಸ ವಿಂಡೋ ತೆಗೆದೆ. ಇಲ್ಲ.

(ವಾಚ್‌ಮನ್‌ಗೆ ಫೋನ್ ಮಾಡಿ ಕರೆಂಟ್ ಆಫ್ ಮಾಡಿಸಿ ಆನ್ ಮಾಡಿಸಿದರಾಯ್ತು, ಮಷೀನ್ ಹಳೇ ದಾರಿ ಹಿಡಿದುಕೊಂಡೇ ಏಳುತ್ತದೆ ಅಂತ ಕೆಲವರು ಹೇಳುತ್ತೀರಿ. ಗೊತ್ತು. ಆದರೆ ಯುಪಿಎಸ್ ಇರುವುದೂ ಅದೇ ರೂಮಿನಲ್ಲಿ. ರೂಮಿಗೆ ಬೀಗ. ಬೀಗದ ಕೀ ಜನಿವಾರದಲ್ಲಿ.)

ಎರಡನೇ ಮಾಳಿಗೆಗೆ ಓಡಿದೆ. ಐತಾಳ ಮಾಮ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅದೇ ಕೀಯಿಂದ ಬೆನ್ನು ತುರಿಸಿಕೊಳ್ಳುತ್ತಿದ್ದರು.

“ಮಾಮಾ, ರಬಾಳೆಗೆ ಹೋಗ್ಬೇಕು.”

“ನಾಳೆ ಹೇಗೂ ಹೋಗುದಲ್ವಾ?”

“ಈಗ.”

ನನ್ನ ಮುಖ ನೋಡಿದರು. ಪೇಪರ್ ಮಡಚಿದರು. “ಅಂಗಿ ಹಾಕ್ತೇನೆ” ಎಂದರು. ಅಷ್ಟೇ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

“ಕೀ ಬಿಚ್ಚಿ ಕೊಡಿ ಮಾಮಾ, ನಾನೊಬ್ಬನೇ ಓಡ್ತೇನೆ.”

“ಬಿಚ್ಚಲಿಕ್ಕೆ ಬರುದಿಲ್ಲ. ದಿನಾ ಸ್ನಾನದ ನೀರು ಬಿದ್ದು ಗಂಟು ಕಲ್ಲಾಗಿದೆ. ಜನಿವಾರ ಕತ್ತರಿಸ್ಲಿಕ್ಕೆ ಉಂಟಾ?”

ಸ್ಟೇಷನ್ನಿಗೆ ಬಂದರೆ ಮೈಕಿನಲ್ಲಿ ಅನೌನ್ಸ್‌ಮೆಂಟ್. ಮೆಗಾಬ್ಲಾಕ್, ಅಂದರೆ ರೈಲುಗಳ ಓಡಾಟಕ್ಕೆ ಕತ್ತರಿ! ಹಳಿ ರಿಪೇರಿಗೆ ರೈಲ್ವೆಯವರೂ ಭಾನುವಾರವನ್ನೇ ಹುಡುಕುತ್ತಾರೆ, ನನ್ನ ಹಾಗೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ನೆನಪಾಗಬೇಡವೇ? ಮನೆಯಲ್ಲೇ ಕೂತು ಮಾಡುವವನಿಗೆ ರೈಲು ಯಾಕೆ ನೆನಪಾಗುತ್ತದೆ ಹೇಳಿ.

ಫಾಸ್ಟ್, ಸ್ಲೋ ಗಾಡಿಗಳೆಲ್ಲ ಒಂದೇ ಹಳಿಯ ಮೇಲೆ. ತುಂಬಿ ತುಳುಕುತ್ತಿದ್ದ ಮೂರನೇ ಗಾಡಿಗೆ ಹೇಗೋ ನುಗ್ಗಿದೆವು. ಮಾಮ ಒಂದು ಕೈಯಿಂದ ಹಿಡಿಕೆ, ಇನ್ನೊಂದು ಕೈಯಿಂದ ಅಂಗಿಯ ಮೇಲಿನಿಂದಲೇ ಕೀ ಹಿಡಿದುಕೊಂಡು ನಿಂತಿದ್ದರು. ದಿವಾ ಸ್ಟೇಷನ್ನಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಮುಂಬ್ರಾ ದಾಟಿದ್ದೇ ಗಾಡಿ ನಿಂತಿತು. ಗಡಿಯಾರ ಮಾತ್ರ ನಿಲ್ಲಲಿಲ್ಲ. ಹನ್ನೆರಡೂ ಮುಕ್ಕಾಲು. ಒಂದು. ಒಂದೂಕಾಲು.

“ಈಗ ಹೇಳು,” ಎಂದರು ಮಾಮ. “ಎಂತ ಮಾಡಿದೆ ನೀನು?”

ಹೇಳಿದೆ. ಹಳೇ ದಾರಿ ತೆಗೆದೆ, ಹೊಸದು ಹಾಕುವ ಮೊದಲೇ ಕನೆಕ್ಷನ್ ಹೋಯಿತು ಅಂತ.

ಅವರು ನನ್ನ ಕಡೆ ತಿರುಗಿದರು. “ಪ್ರತಿ ವರ್ಷ ಉಪಾಕರ್ಮಕ್ಕೆ ನನ್ನ ಪಕ್ಕದಲ್ಲೇ ಕೂತ್ಕೊಳ್ತೀಯಲ್ಲ ಮಾರಾಯಾ. ಅಲ್ಲಿ ಮೊದಲು ಎಂತ ಮಾಡುದು? ಹಳೇ ಜನಿವಾರ ತೆಗಿಯುದಾ, ಹೊಸದು ಹಾಕುದಾ?”

“ಹೊಸದು ಹಾಕುದು.”

“ಆಮೇಲೆ?”

“ಹಳೇದು ತೆಗಿಯುದು.”

“ಮತ್ತೆ? ಮೈ ಮೇಲೆ ಒಂದು ದಾರ ಇಲ್ಲದೆ ಒಂದು ನಿಮಿಷವೂ ಇರ್ಬಾರ್ದು ಅಂತ ಭಟ್ರು ವರ್ಷ ವರ್ಷ ಹೇಳುದು ಯಾರಿಗೆ? ನನಗಾ? ನಾನು ಎಂತ ಕಮಾಂಡ್ ಹೊಡಿತೇನಾ?”

ಎದುರು ಸೀಟಿನ ಮರಾಠಿ ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿ, ಮಗ ಪರೀಕ್ಷೆಯಲ್ಲಿ ಫೇಲಾಗಿದ್ದಾನೆ ಅಂದುಕೊಂಡಿರಬೇಕು, ನನಗೊಂದು ಕಡಲೆ ಚಿಕ್ಕಿ ಕೊಟ್ಟರು. ತಿಂದೆ.

ಎಂಟು ವರ್ಷದವನಿದ್ದಾಗ ಉಪನಯನವಾಗಿದೆ ನನಗೆ. ಅವತ್ತಿನಿಂದ ಕೈಗೆ ಗೊತ್ತಿದ್ದ ಕ್ರಮ ಕೀಬೋರ್ಡ್ ಮುಂದೆ ಕೂತಾಗ ಯಾಕೆ ಮರೆತುಹೋಯಿತು? ಅದು ಇಂಗ್ಲಿಷಿನಲ್ಲಿತ್ತು ಅಂತಲೇ?

ಠಾಣೆ ತಲುಪಿ, ಬ್ರಿಡ್ಜ್ ಹತ್ತಿ ಇಳಿದು, ವಾಶಿ ಕಡೆಯ ಗಾಡಿ ಹಿಡಿದಾಗ ಒಂದೂ ಮೂವತ್ತೈದು. ಐರೋಲಿ ಬಂತು. ಇನ್ನು ಒಂದೇ ಸ್ಟೇಷನ್. ಆಗ ಮಾಮನ ಫೋನ್ ರಿಂಗಾಯಿತು.

ಶೇಠ್. ಅವತ್ತು ಬೇಗ ಊಟ ಮಾಡಿದ್ದರು.

“ಹಾಂ ಶೇಠ್... ನಹೀ ಶೇಠ್, ಲೈನ್ ನಹೀ ಗಯಾ. ಮೈನೇ ಬಂದ್ ಕಿಯಾ... ಹಾಂ, ಮೈನೇ. ನಯಾ ಲೈನ್ ಡಾಲ್‌ನೇ ಕೇ ಲಿಯೇ... ನಹೀ, ಕಾಂಟ್ರಾಕ್ಟ್‌ವಾಲಾ ನಹೀ ಆಯಾ... ಆಧಾ ಘಂಟಾ ದೀಜಿಯೇ ಶೇಠ್.”

ಲೈನ್ ಹೋಗಿಲ್ಲ, ಹೊಸದು ಹಾಕಲು ನಾನೇ ಬಂದ್ ಮಾಡಿದ್ದು, ಅರ್ಧ ಗಂಟೆ ಕೊಡಿ ಅಂತ ಹೇಳಿ ಫೋನ್ ಜೇಬಿಗೆ ಹಾಕಿದರು.

“ಎಂತ ಹೇಳಿದ್ರು ಮಾಮಾ?”

“ನಾಳೆ ಬೆಳಿಗ್ಗೆ ಕ್ಯಾಬಿನಿಗೆ ಬಾ ಅಂದ್ರು.”

ನನಗೆ ತಡೆಯಲಾಗಲಿಲ್ಲ. “ಲೈನ್ ಹೋಗಿದೆ ಅಂದ್ರೆ ಸಾಕಿತ್ತಲ್ಲ ಮಾಮಾ! ದಿನಾ ಹೋಗ್ತದೆ. ನಂಬ್ತಿದ್ರು!”

ಮಾಮ ಅಂಗಿಯ ಮೇಲಿನಿಂದ ಕೀ ಮುಟ್ಟಿ ನೋಡಿಕೊಂಡರು. “ಹೌದಲ್ಲ. ಹೊಳೀಲೇ ಇಲ್ಲ ಮಾರಾಯಾ.”

ನಿಜವಾಗಿಯೂ ಹೊಳೆಯಲಿಲ್ಲವೋ ಏನೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಒಂದಂತೂ ಗೊತ್ತು, ಆ ಫೋನಿನಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ಹನಮಂತಪ್ಪ, ಬಾಗಲಕೋಟೆ ಕಡೆಯವರು. “ಏನ್ರೀ ಐತಾಳ ಸಾಹೇಬ್ರ, ಐತವಾರನೂ ಬಿಡೂದಿಲ್ಲೇನ್ರೀ ನಿಮ್ಮನ್ನ?” ಅನ್ನುತ್ತಾ ಹಿಂದೆಯೇ ಬಂದರು. ಸರ್ವರ್ ರೂಮಿನ ಮುಂದೆ ಮಾಮ ಅಂಗಿಯ ಗುಂಡಿ ಬಿಚ್ಚಿ, ಜನಿವಾರ ಎಳೆದು, ಸೊಂಟ ಬಗ್ಗಿಸಿ ಬೀಗಕ್ಕೆ ಕೀ ಹಾಕಿದರು. ದಾರ ಗಿಡ್ಡ, ಬಗ್ಗದೆ ಬೀಗ ಎಟುಕುವುದಿಲ್ಲ. “ದಿನಾ ಹಿಂಗಽ ನೋಡ್ರೀ ತಮ್ಮಾ,” ಎಂದರು ಹನಮಂತಪ್ಪ, “ಬಾಗಲಕ್ಕ ನಮಸ್ಕಾರ ಮಾಡೇ ಒಳಗ ಹೋಗೂದು.” ಮಾಮನೂ ನಕ್ಕರು. ನನಗೆ ನಗು ಬರಲಿಲ್ಲ.

ಮಷೀನಿನ ಮುಂದೆ ನಿಂತೇ ಟೈಪ್ ಮಾಡಿದೆ. ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಹೊಡೆದೆ. ಹಳೇ ದಾರಿ ಪಟ್ಟಿಗೆ ವಾಪಸ್ ಬಂತು. ನಿಜಕ್ಕೂ ಎರಡು ನಿಮಿಷದ ಕೆಲಸ.

ಮಾಮ ಹಿಂದೆ ನಿಂತಿದ್ದರು. “ಈಗ ಆ ಹೊಸದ್ದು ಹಾಕು.”

“ಬೇಡ ಮಾಮಾ.”

“ಹಾಕು ಮಾರಾಯಾ. ಬೈಸಿಕೊಳ್ಳುದು ಹೇಗೂ ಉಂಟು. ಕೆಲಸ ಆದ್ರೂ ಆಗ್ಲಿ.”

ಹಾಕಿದೆ. ಹಳೆಯದನ್ನು ಮುಟ್ಟದೆ ಹೊಸದನ್ನು ಅದರ ಕೆಳಗೆ ಸೇರಿಸಿದೆ. ಹೊಸ ದಾರಿಯಲ್ಲಿ ಹೊರಗಿನದು ಸಿಗುತ್ತದೆಯೇ ನೋಡಿದೆ. ಮತ್ತೊಮ್ಮೆ ನೋಡಿದೆ. ಆಮೇಲೆ ಹಳೆಯದನ್ನು ತೆಗೆದೆ. ಕೊನೆಗೆ ಎಲ್ಲವನ್ನೂ ಫೈಲಿನಲ್ಲಿ ಬರೆದಿಟ್ಟೆ. (ಬರೀ ಟೈಪ್ ಮಾಡಿದ ದಾರಿ ಮಷೀನ್ ಆಫ್ ಆಗುವವರೆಗೆ ಮಾತ್ರ. ಇದನ್ನಾದರೂ ಮರೆಯಲಿಲ್ಲವಲ್ಲ!) ಪ್ರತಿ ಸಾಲಿಗೂ ಮಾಮ ಕೇಳುತ್ತಿದ್ದರು, “ಹೊಸದು ಹಾಕಿ ಆಯ್ತಾ? ಸರಿ ಕೂತಿದೆಯಾ? ಹಾಂ, ಈಗ ತೆಗಿ.” ಭಟ್ಟರ ಹಾಗೆಯೇ.

ಸೋಮವಾರ ನಾನು ಡೇಟಾ ಏನು ಎಂಟ್ರಿ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಮೆಟ್ಟಿಲ ಮೇಲೆ ಕೂತು ಕಾದೆ. ಅಮ್ಮ ಎರಡು ಸಲ ಬಾಗಿಲು ತೆಗೆದು ನೋಡಿ ಒಳಗೆ ಹೋದಳು. ಏಳೂವರೆಗೆ ಮಾಮ ಬಂದರು. ಕೈಯಲ್ಲಿ ಎಂದಿನಂತೆ ಟಿಫಿನ್ ಡಬ್ಬಿ.

“ಎಂತ ಆಯ್ತು?”

“ಎಂತ ಇಲ್ಲ. ಕೀ ಕೊಡು ಅಂದ್ರು.”

“ಮತ್ತೆ ನೌಕರಿ?”

“ಉಂಟು. ಕಂಪ್ಯೂಟರಿಂದು ಇನ್ನು ಕಂಟ್ರಾಕ್ಟಿನವ್ರೇ ನೋಡ್ತಾರಂತೆ, ಕೀ ಸಹ ಅವ್ರ ಹತ್ರ. ನಾನು ಚಹಾದ್ದು ನೋಡ್ಕೊಂಡ್ರೆ ಸಾಕಂತೆ.” ಒಂದು ಮೆಟ್ಟಿಲು ಹತ್ತಿ ನಿಂತರು. “ಶೇಠ್ ಈಗ್ಲೇ ಕೊಡು ಅಂದ್ರು. ನಾಳೆ ತರ್ತೇನೆ ಅಂದೆ. ಯಾಕೆ ಅಂತ ಅವ್ರಿಗೆ ಹೇಳಿ ಅರ್ಥ ಮಾಡಿಸುದು ಹೇಗೆ?”

ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ ಹೊಸ ಜನಿವಾರ ಹಾಕಿಕೊಂಡರಂತೆ. ಆಮೇಲೆ ಹಳೆಯದನ್ನು ತೆಗೆದು, ಸೂಜಿಯಿಂದ ಗಂಟು ಸಡಿಲಿಸಿ, ಕೀ ಬಿಡಿಸಿದರಂತೆ. ಉಪಾಕರ್ಮವಲ್ಲದ ದಿನ ಅವರ ಕೀ ಜನಿವಾರದಿಂದ ಇಳಿದಿದ್ದು ಅದೇ ಮೊದಲು.

ಹೊಸ ಲೈನ್ ಇಲ್ಲಿಯವರೆಗೆ ಒಮ್ಮೆಯೂ ಬಿದ್ದಿಲ್ಲ. ಖುಷಿಪಡಬೇಕೇ?

‘ಎರಡು ನಿಮಿಷದ ಕೆಲಸ’ ಎಂದು ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೆ! ಹೇಳುವಾಗ ನಮ್ಮ ಕೈ ಇರುವುದು ಕೀಬೋರ್ಡಿನ ಮೇಲೆ. ಹಾಗೆ ಹೇಳಿದ್ದನ್ನು ನಂಬಿ ಪಾಸ್‌ವರ್ಡ್ ಕೊಟ್ಟವರ ಕುತ್ತಿಗೆ ಎಲ್ಲಿರುತ್ತದೆ ಅಂತ ಯಾರಾದರೂ ನೋಡುತ್ತೇವೆಯೇ? ನಾನು ನೋಡಲಿಲ್ಲ. ಕಲಿಯುವ ಹುರುಪಿನಲ್ಲಿ ಕಮಾಂಡ್ ಕಣ್ಣಿಗೆ ಕಂಡಿತು, ಮನುಷ್ಯ ಕಾಣಲಿಲ್ಲ.

ನಿನ್ನೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಇಳಿದೆ. ಮಾಮ ಬಾಗಿಲಲ್ಲಿ ನಿಂತು ಪೇಪರ್ ನೋಡುತ್ತಿದ್ದರು. ಕೈ ತನ್ನಷ್ಟಕ್ಕೆ ಜನಿವಾರದ ಮೇಲೆ ಓಡಿ, ಕೀ ಹುಡುಕಿ, ಸಿಗದೆ, ಹಾಗೇ ಬೆನ್ನ ಹಿಂದೆ ಹೋಗಿ ಬರೀ ಉಗುರಿನಿಂದ ತುರಿಸಿತು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

“ಹಗುರ ಆಯ್ತು ಮಾರಾಯಾ,” ಎಂದರು. “ಬಿಡುವಿದ್ರೆ ಸಂಜೆ ಬಾ. ಮನೆ ಕಂಪ್ಯೂಟರಲ್ಲಿ ಇಂಟರ್ನೆಟ್ ಬರುದಿಲ್ಲ. ಎರಡು ನಿಮಿಷದ ಕೆಲಸ ಇರ್ಬೇಕು.”

ಹೋಗಲೋ ಬೇಡವೋ ಅಂತ ಇದನ್ನು ಬರೆಯುವಾಗಲೂ ಯೋಚಿಸುತ್ತಿದ್ದೇನೆ.

ನಿಮಗೂ ಇಂಥದ್ದು ಆಗಿದೆಯೇ? ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕಿ, ಮೇಲ್ ಆದರೂ ಸರಿ. ಒಂದೇ ಕಂಡೀಷನ್: ತಮ್ಮ ಕೀ ತಾವೇ ಕಳೆದುಕೊಂಡವರು ಬೇಡ, ಇನ್ನೊಬ್ಬರ ಕೀ ಕಳೆದವರು ಮಾತ್ರ ಬರೆಯಿರಿ.