ನನ್ನದೊಂದು ಕೆಂಪು ಗೀಟು

ಮೊನ್ನೆ ಅರಸೀಕೆರೆಯ ಪುಸ್ತಕದಂಗಡಿಯಲ್ಲಿ ಸೀಮೆಸುಣ್ಣ ಕೊಳ್ಳುತ್ತಿದ್ದೆ. ಅಂಗಡಿಯವರು ಹಳೆಯ ಡಬ್ಬಿಯೊಂದನ್ನು ತಡಕಾಡುವಾಗ ಪೆನ್ಸಿಲ್ ಒಂದು ಉರುಳಿ ಬಂತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. "ಇದನ್ನ ಈಗ ಯಾರೂ ಕೇಳಲ್ಲ ಮೇಡಂ, ತಗೊಂಡೋಗಿ" ಎಂದು ಸುಮ್ಮನೆ ಕೊಟ್ಟರು. ಮನೆಗೆ ಬಂದು ಎರಡೂ ತುದಿ ಚೂಪು ಮಾಡಿದೆ. ಆ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೇಬೀಡಿನ ನಮ್ಮ ಐದನೇ ತರಗತಿ, ಕಿಟಕಿ ಪಕ್ಕದ ಮೇಜು, ಮೇಜಿನ ಹಿಂದೆ ನಮ್ಮ ಮೇಷ್ಟ್ರು...

ಮೇಷ್ಟ್ರು ದಿನಾ ಬೇಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಜೇಬಿನಲ್ಲಿ ಹುರಿಗಡಲೆ. ಬಂದ ಮೊದಲ ವಾರವೇ ನಾವು ಕೂರುವ ಜಾಗಗಳನ್ನೆಲ್ಲ ಕಲಸಿಬಿಟ್ಟರು. ಯಾರ ಮಗ, ಯಾವ ಬೀದಿ ಎಂದೆಲ್ಲ ನೋಡದೆ, ಗಿಡ್ಡರು ಮುಂದೆ, ಉದ್ದದವರು ಹಿಂದೆ. ತೆಂಗಿನ ತೋಟದ ಯಜಮಾನರೊಬ್ಬರು ಶಾಲೆಗೇ ಬಂದು, "ನಮ್ಮುಡ್ಗನ್ನ ಆ ಕೇರಿಯವನ ಪಕ್ಕ ಕೂರಿಸ್ಬ್ಯಾಡಿ ಸಾರ್" ಎಂದು ಗುಡುಗಿದ್ದು ನೆನಪಿದೆ. ಮೇಷ್ಟ್ರು ಶಾಂತವಾಗಿ ಹೇಳಿದರು: "ಆಗ್ಲಿ ಕಣ್ರೀ. ಮನೆಯಿಂದ ಒಂದು ಬೆಂಚು ತಂದ್ಕೊಡಿ. ಅದ್ರಲ್ಲೂ ಇಬ್ರು ಕೂರ್ಬೋದಲ್ವಾ, ಆ ಹುಡ್ಗನ್ನೂ ಅಲ್ಲೇ ಕೂರಿಸ್ತೀನಿ." ಯಜಮಾನರು ಬಂದ ದಾರಿ ಹಿಡಿದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು.

ನನಗೆ ಆಗಲೂ ಉಗ್ಗು ಇತ್ತು, ಈಗಲೂ ಇದೆ. ಹಾಜರಿ ಕೂಗುವ ಹೊತ್ತೆಂದರೆ ಪ್ರಾಣಸಂಕಟ. 'ಹಾಜರ್ ಸಾರ್' ಎನ್ನಲು ಬಾಯಿ ತೆರೆದರೆ 'ಹಾ' ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ ಕೆಮ್ಮಿ ಅಣಕಿಸುತ್ತಿದ್ದರು, ಇಡೀ ತರಗತಿ ಗೊಳ್ಳೆಂದು ನಗುತ್ತಿತ್ತು. ಹೊಸ ಮೇಷ್ಟ್ರು ಎರಡು ದಿನ ಇದನ್ನು ನೋಡಿದರು. ಮೂರನೆಯ ದಿನ ನನ್ನ ಹೆಸರನ್ನು ಕೂಗಲೇ ಇಲ್ಲ. ಕನ್ನಡಕದ ಮೇಲಿಂದ ನನ್ನತ್ತ ಒಮ್ಮೆ ನೋಡಿ ನೀಲಿ ಗೀಟು ಹಾಕಿಕೊಂಡು ಮುಂದಿನ ಹೆಸರಿಗೆ ಹೋದರು. ಬಂದವರಿಗೆ ಅಂಥದೇ ಪೆನ್ಸಿಲಿನ ನೀಲಿ ತುದಿ, ಬಾರದವರಿಗೆ ಕೆಂಪು, ಅದು ಅವರ ಲೆಕ್ಕ. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮನೆಗೆ ಓಡಿ ಹೋಗಿ ಅವ್ವನಿಗೆ ಹೇಳಿದ್ದೆ.

ಆದರೆ ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಪಾಠ ಓದಿಸುವಾಗಲೂ ಮೇಷ್ಟ್ರು ನನ್ನನ್ನು ದಾಟಿ ಹೋದರು. ಪದ್ಯ ಹೇಳಿಸುವಾಗಲೂ ಅಷ್ಟೇ. ಅವರನ್ನು ನೋಡಿ ಹುಡುಗಿಯರೂ ಕಲಿತರು. ಆಟಕ್ಕೆ ಗುಂಪು ಮಾಡುವಾಗ, "ಅವಳನ್ನ ಬಿಡ್ರೇ, ಪಾಪ" ಎನ್ನತೊಡಗಿದರು. ಮೊದಲು ಅಣಕವನ್ನಾದರೂ ನನ್ನ ಕಡೆ ತಿರುಗಿ ಮಾಡುತ್ತಿದ್ದರು. ಈ 'ಪಾಪ' ಅನ್ನುವುದು ಅದಕ್ಕಿಂತ ಕೆಟ್ಟದಾಗಿತ್ತು.

ಒಮ್ಮೆ ಜ್ವರ ಬಂದು ಒಂದು ದಿನ ಶಾಲೆಗೆ ಹೋಗಲಿಲ್ಲ. ಮಾರನೆಯ ದಿನ ಹಾಜರಿ ಪುಸ್ತಕವನ್ನು ಹೆಡ್‌ಮೇಷ್ಟ್ರ ಕೋಣೆಗೆ ಒಯ್ಯುವ ಸರದಿ ನನ್ನದು. ದಾರಿಯಲ್ಲಿ ತೆರೆದು ನೋಡಿದೆ. ಹಿಂದಿನ ದಿನದ ಚೌಕದಲ್ಲಿ ನನ್ನ ಹೆಸರಿನ ಮುಂದೆ ನೀಲಿ ಗೀಟು! ಕೂಗದೆ, ನೋಡದೆ, ಅಭ್ಯಾಸಬಲದಿಂದ ಹಾಕಿಬಿಟ್ಟಿದ್ದರು. ನಾನು ಇಲ್ಲದಿದ್ದುದು ಯಾರಿಗೂ ಗೊತ್ತೇ ಆಗಿರಲಿಲ್ಲ. ಹಾಗಾದರೆ ನಾನು ಇದ್ದದ್ದಾದರೂ ಯಾರಿಗೆ ಗೊತ್ತಿತ್ತು? ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ಅತ್ತುಬಿಟ್ಟೆ.

ಹೆಡ್‌ಮೇಷ್ಟ್ರ ಕೋಣೆಗೆ ಹೋಗದೆ ತಿರುಗಿ ಬಂದು, ಪುಸ್ತಕವನ್ನು ಮೇಷ್ಟ್ರ ಮುಂದೆ ಬಿಚ್ಚಿ, ಗೀಟಿನ ಮೇಲೆ ಬೆರಳಿಟ್ಟೆ. "ನಿ... ನಿನ್ನೆ... ನಾ..." ಎಂದೆ.

"ಗೊತ್ತಾಯ್ತು ಬಿಡವ್ವ, ನೀನು ಬಂದಿರ್ಲಿಲ್ಲ" ಎಂದರು.

ನಾನು ಅಲ್ಲವೆಂದು ತಲೆಯಾಡಿಸಿದೆ. ನನ್ನ ಮಾತು ಅದಾಗಿರಲಿಲ್ಲ. ಎಷ್ಟು ಹೊತ್ತಾಯಿತೋ ಕಾಣೆ, ಕೊನೆಗೂ ಹೇಳಿದೆ. "ನೀವು ನನ್ನ... ಕೂ... ಕೂಗಲ್ಲ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪಾಯ್ತು ಕಣವ್ವ. ನಿಂಗೆ ನೋವಾಗ್ಬಾರ್ದು ಅಂತ ಮಾಡ್ದೆ. ನಿನ್ನನ್ನೇ ಬಿಟ್ಬಿಟ್ಟೆ ನೋಡು." ಪೆನ್ಸಿಲನ್ನು ಕೆಂಪು ತುದಿಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು. "ನೀನೇ ಹಾಕು." ನೀಲಿಯ ಮೇಲೆ ಕೆಂಪು ಗೀಟು ಒತ್ತಿ ಹಾಕಿದೆ, ಅದು ನೇರಳೆಯಾಯಿತು. ಪಕ್ಕದಲ್ಲಿ ಅವರು ಸಹಿ ಮಾಡಿದರು. ಗೈರುಹಾಜರಿ ಬಿತ್ತೆಂದು ಅಷ್ಟು ಖುಷಿಪಟ್ಟ ಹುಡುಗಿ ನಮ್ಮ ಶಾಲೆಯಲ್ಲಿ ನಾನೊಬ್ಬಳೇ ಇರಬೇಕು.

ಮರುದಿನ ನನ್ನ ಹೆಸರು ಕೂಗಿದರು. ನಾನು ಎದ್ದು ನಿಂತೆ. 'ಹಾ' ಎಂದಿನಂತೆ ಸಿಕ್ಕಿಕೊಂಡಿತು. ಹಿಂದಿನಿಂದ ಒಬ್ಬ, "ಬಂದವ್ಳೆ ಸಾರ್" ಎಂದ.

"ಅವಳ ಬಾಯಿ ಅವಳತ್ರಾನೇ ಐತೆ ಕಣೋ" ಎಂದರು ಮೇಷ್ಟ್ರು. "ಬೇಲೂರು ಬಸ್ಸಿಗೆ ದಿನಾ ಅಷ್ಟೊತ್ತು ಕಾಯ್ತೀನಿ, ಇವಳಿಗೆ ಕಾಯಾಕಾಗಲ್ವಾ? ಎಲ್ರೂ ಕಾಯಾನ."

ತರಗತಿ ನಕ್ಕಿತು, ನಾನೂ ನಕ್ಕೆ. ಮೇಷ್ಟ್ರು ಮಾತ್ರ ಒಂದೆರಡು ಹುರಿಗಡಲೆ ಬಾಯಿಗೆಸೆದುಕೊಂಡು, ಅವಸರವೇ ಇಲ್ಲದವರಂತೆ ಕುಳಿತಿದ್ದರು. ಹೇಳಿದೆ... ಅವರು ನೀಲಿ ಗೀಟು ಎಳೆದರು. ದಿನಾ ಹೀಗೇ ನಡೆಯಿತು. ಬೇಸಿಗೆ ರಜೆ ಬರುವಷ್ಟರಲ್ಲಿ ಆ ಕಾಯುವಿಕೆ ಎಲ್ಲರಿಗೂ ಎಷ್ಟು ರೂಢಿಯಾಗಿತ್ತೆಂದರೆ, ಯಾರೂ ತಿರುಗಿ ಕೂಡ ನೋಡುತ್ತಿರಲಿಲ್ಲ.

ನಾನೀಗ ಬಾಣಾವರದಲ್ಲಿ ಟೀಚರು. ಹಾಜರಿಯೆಲ್ಲ ಫೋನಿನಲ್ಲೇ ಆಗುತ್ತದೆ, ಹೆಸರು ಕೂಗಬೇಕಿಲ್ಲ. ಆದರೂ ನನ್ನದೊಂದು ನೋಟುಪುಸ್ತಕವಿದೆ. ಒಂದೊಂದೇ ಹೆಸರು ಕೂಗುತ್ತೇನೆ. ಕೆಲವು ಹೆಸರಿನಲ್ಲಿ ನಾನೇ ಸಿಕ್ಕಿಕೊಳ್ಳುತ್ತೇನೆ, ಮಕ್ಕಳು ಕಾಯುತ್ತಾರೆ.

ಅಂಗಡಿಯಲ್ಲಿ ಸಿಕ್ಕ ಪೆನ್ಸಿಲನ್ನು ಮೇಷ್ಟ್ರಿಗೇ ಕೊಟ್ಟು ಬರೋಣವೆನಿಸಿತು. ಪ್ರತಿ ರಜೆಯಲ್ಲೂ ಹೋಗಬೇಕು ಅಂದುಕೊಳ್ಳುತ್ತಿದ್ದೆ, ಎಲ್ಲಿಗೆ ಹೋಗುತ್ತಾರೆ, ಬೇಲೂರಿನಲ್ಲೇ ಇರುತ್ತಾರೆ ಬಿಡು ಎಂದು ಮುಂದೂಡುತ್ತಿದ್ದೆ. ಮನೆಯ ಗುರುತು ಕೇಳಲು ಹಳೆಯ ಸಹಪಾಠಿಗೆ ಫೋನ್ ಮಾಡಿದೆ. "ನಿಂಗೆ ಗೊತ್ತಿಲ್ವೇನೇ? ಮೇಷ್ಟ್ರು ಹೋಗಿ ಹತ್ತು ದಿನ ಆಯ್ತಲ್ಲ ಕಣೇ..." ಎಂದಳು.

ಹತ್ತು ದಿನ. ಅಷ್ಟೂ ದಿನ ನಾನೂ ನೋಡದೆಯೇ ಅವರಿಗೆ ನೀಲಿ ಗೀಟು ಹಾಕುತ್ತಾ ಬಂದಿದ್ದೆ.

ಇವತ್ತು ಬೆಳಗ್ಗೆ ಮಕ್ಕಳ ಹಾಜರಿ ಮುಗಿದ ಮೇಲೆ, ನೋಟುಪುಸ್ತಕದ ಕೊನೆಯ ಸಾಲಿನಲ್ಲಿ 'ನಮ್ಮ ಮೇಷ್ಟ್ರು' ಎಂದು ಬರೆದೆ. ಮನಸ್ಸಿನಲ್ಲೇ ಒಮ್ಮೆ ಕೂಗಿ, ಸ್ವಲ್ಪ ಹೊತ್ತು ಕಾದೆ. ಆಮೇಲೆ ಪೆನ್ಸಿಲನ್ನು ಕೆಂಪು ತುದಿಗೆ ತಿರುಗಿಸಿದೆ. ಕೈ ಬರಲಿಲ್ಲ. ಆದರೂ ಹಾಕಿದೆ. ಇಲ್ಲದ ದಿನ ಇಲ್ಲವೆಂದೇ ಬರೆಯಬೇಕೆಂದು ಹೇಳಿಕೊಟ್ಟವರು ಅವರೇ.