ಸೀಗಿ ಹುಣ್ಣಿಮೆಯ ಆರನೆಯ ಕಲ್ಲು

ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಮಾರುವುದನ್ನು ನಾನು ಮೊದಲು ಕಂಡದ್ದು ಮೆಲ್ಬರ್ನಿನಲ್ಲಿ. ನಾವು ಬಾಡಿಗೆಗಿದ್ದ ಕ್ರಾನ್‌ಬರ್ನ್ ಎಂಬ ಸಬರ್ಬಿನ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲೇ ಚೀಲಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಮುಂದೆ ಕೆಂಪು ಟೊಮ್ಯಾಟೊ ಚಿತ್ರ, ಹಿಂದೆ ಬಳಸುವ ವಿಧಾನ. ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಮೂಗು ಮುಚ್ಚಿಕೊಳ್ಳಿ ಎಂಬ ಎಚ್ಚರಿಕೆ ಬೇರೆ. ನವಲಗುಂದದ ಎರೆಹೊಲದಲ್ಲಿ ಕದ್ದು ಮಣ್ಣು ತಿಂದು, ಅವ್ವನ ಕೈಯಲ್ಲಿ ಪೆಟ್ಟು ತಿಂದು ಬೆಳೆದವಳು ನಾನು. ಚೀಲದ ಮುಂದೆ ನಿಂತು ಎಷ್ಟು ನಕ್ಕೆನೆಂದರೆ ಅಂಗಡಿಯ ಹುಡುಗಿ ಬಂದು ಏನಾದರೂ ಸಹಾಯ ಬೇಕೇ ಎಂದು ಕೇಳಿದಳು.

ಕ್ರಾನ್‌ಬರ್ನ್‌ನ ನೆಲ ಮರಳು. ನೀರು ಹಾಕಿದರೆ ಎಲ್ಲಿಗೆ ಹೋಯಿತೋ ಗೊತ್ತಾಗುವುದಿಲ್ಲ, ಕಾಲಿಟ್ಟರೆ ಅಂಟುವುದಿಲ್ಲ. ನಮ್ಮ ಕಡೆ ಒಂದು ಮಳೆ ಬಿದ್ದರೆ ಚಪ್ಪಲಿ ಹೊಲದಲ್ಲೇ ಉಳಿದು ಕಾಲು ಮಾತ್ರ ಮನೆಗೆ ಬರುತ್ತದೆ. ಇಲ್ಲಿಯ ನೆಲ ಯಾರನ್ನೂ ಹಿಡಿದುಕೊಳ್ಳುವುದಿಲ್ಲವಲ್ಲ ಎಂದು ಮೊದಮೊದಲು ನನಗೆ ನಿಜವಾಗಿಯೂ ಬೇಸರವಾಗುತ್ತಿತ್ತು.

ನನ್ನ ಗಂಡ ವೀರೇಶ ಹುಬ್ಬಳ್ಳಿಯ ಪೇಟೆಯವರು. ಡಾಕ್‌ಲ್ಯಾಂಡ್ಸ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ವಾರವಿಡೀ ರೈಲು, ಟ್ರಾಮು ಎಂದು ಓಡಾಡುವ ಈ ಮನುಷ್ಯನಿಗೆ ರವಿವಾರ ಬಂದರೆ ಸಾಕು, ತಿರುಗುವ ಹುಚ್ಚು. ಅದೂ ಎಲ್ಲರೂ ನೋಡುವ ಜಾಗಗಳಲ್ಲ. ಸಮುದ್ರದಂಚಿನ ಹೆಸರಾಂತ ರಸ್ತೆಯನ್ನು ಕಂಡವರೆಲ್ಲ ಹೊಗಳುತ್ತಿದ್ದರು. ಸಿಡ್ನಿಯಲ್ಲಿದ್ದ ಇವರ ಗೆಳೆಯರೊಬ್ಬರು ಹಾರ್ಬರ್ ಸೇತುವೆ ನೋಡಲು ಬನ್ನಿ ಎಂದು ಕರೆದು ಕರೆದು ಸೋತಿದ್ದರು. ಇವರದು ಒಂದೇ ಮಾತು: "ಎಲ್ಲಾರೂ ನೋಡೂದನ್ನ ನಾವ್ಯಾಕ ನೋಡಬೇಕು?"

ಹೀಗಾಗಿ ನಾನು ಆಸ್ಟ್ರೇಲಿಯದಲ್ಲಿ ಮೊದಲು ನೋಡಿದ ಪ್ರೇಕ್ಷಣೀಯ ಸ್ಥಳ ಎರೆಹುಳುವಿನ ಮ್ಯೂಸಿಯಂ. ಮಾರುದ್ದದ ಹುಳು. ಎರಡನೆಯದು ಕಾರು ತಾನಾಗಿಯೇ ಏರು ಹತ್ತುವಂತೆ ಕಾಣುವ ಒಂದು ಕಾಡುರಸ್ತೆ. ಅದು ಕಣ್ಣಿನ ಮೋಸ, ನಿಜವಾಗಿ ಅಲ್ಲಿರುವುದು ಇಳಿಜಾರು. ಇವರು ಗೇರು ತೆಗೆದು, ಬ್ರೇಕು ಬಿಟ್ಟು, ಚಿಕ್ಕ ಹುಡುಗನ ಹಾಗೆ ಹಿಗ್ಗುತ್ತಿದ್ದರೆ ನಾನು ಬಾಯಿಗೆ ಸೆರಗು ಹಿಡಿದು ಕೂತಿದ್ದೆ. "ರೀ, ನಿಮ್ಮ ಕಾರಷ್ಟ ಅಲ್ಲ, ನನ್ನ ಹೊಟ್ಟ್ಯಾಗಿಂದೂ ಮ್ಯಾಲ ಹತ್ತಾಕತ್ತೈತಿ" ಎಂದೆ. ಆಗ ನನಗೆ ಮೂರು ತಿಂಗಳು.

ಅಲ್ಲಿಂದ ತಕರಾರು ಶುರುವಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ನಮ್ಮಲ್ಲಿ ಚರ್ಚೆ ಮಾಡುವ ವಿಷಯವೇ ಅಲ್ಲ. ಅದಕ್ಕೂ ಮೊದಲು ಕುಬಸ, ಅಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಒಡ್ಡಿದ ಸೆರಗಿಗೆ ಹಣ್ಣುಕಾಯಿ ಹಾಕಿ ಉಡಿ ತುಂಬುವ ಶಾಸ್ತ್ರ. ತಂಗಿಯ ಮದುವೆ ಗೊತ್ತಾಗಿದ್ದರಿಂದ ಅವ್ವ ಇಲ್ಲಿಗೆ ಬರುವಂತಿರಲಿಲ್ಲ. ನಾನೇ ಹೋಗಬೇಕು. ಹೊಟ್ಟೆ ದೊಡ್ಡದಾದ ಮೇಲೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ, ಆದ್ದರಿಂದ ಏಳು ತುಂಬುವುದರೊಳಗೆ ಹೋಗಬೇಕು. ಇವರಿಗೆ ಅಷ್ಟು ದಿನ ರಜೆ ಸಿಗುವ ಹಾಗಿರಲಿಲ್ಲ. ನಾನು ಹೋದರೆ ಇವರು ಮಗುವಿನ ಮುಖ ನೋಡುವುದು ಅದು ಕೂರುವ ಹೊತ್ತಿಗೆ. "ಹೋಗಿ ಬಾ, ನಾ ಏನ್ ಬ್ಯಾಡ ಅನ್ನೂದಿಲ್ಲ" ಎಂದರು. ಹಾಗೆಂದವರ ಮುಖ ನೋಡಲಾಗುತ್ತಿರಲಿಲ್ಲ. ಟಿಕೆಟ್ ಹಿಡಿದಿಡಲು ಏಜೆಂಟನಿಗೆ ಹೇಳಿದೆವು. ಅಕ್ಟೋಬರಿನಲ್ಲಿ ಖಾಯಂ ಮಾಡಬೇಕಿತ್ತು.

ಅಷ್ಟಾದರೂ ರವಿವಾರದ ತಿರುಗಾಟ ನಿಲ್ಲಲಿಲ್ಲ. ನನಗೆ ಈ ದೇಶ ತೋರಿಸಿ ತೋರಿಸಿ ಇಲ್ಲೇ ಉಳಿಸಿಕೊಳ್ಳುವ ಉಪಾಯ ಅದು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ರೊಟ್ಟಿ ಬುತ್ತಿ ಕಟ್ಟುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಪಶ್ಚಿಮಕ್ಕೆ ತಾಸುಗಟ್ಟಲೆ ಕಾರು ಓಡಿಸಿಕೊಂಡು ಹೋಗಿ ಮನೆಗಿಂತ ಎತ್ತರದ ಒಂದು ಕೋಲಾ ಪ್ರಾಣಿಯ ಗೊಂಬೆ ತೋರಿಸಿದರು. ಅದರ ಕಾಲ ಬುಡದಲ್ಲಿ ಅಂಗಡಿ. ಪಾಪದ ಪ್ರಾಣಿ ಯಾರ ಮೇಲೋ ಸಿಟ್ಟಾಗಿ ನಿಂತಂತಿತ್ತು. ಮರಳುವಾಗ ನಾನು ತೊಡೆಯ ಮೇಲೆ ದಪ್ಪ ನಕ್ಷೆ ಪುಸ್ತಕ ಇಟ್ಟುಕೊಂಡು ದಾರಿ ಹೇಳುತ್ತಿದ್ದೆ, ಅಂದರೆ ತಪ್ಪಿಸುತ್ತಿದ್ದೆ. ಯಾವುದೋ ಸಣ್ಣ ರಸ್ತೆಗೆ ಬಿದ್ದೆವು. ತಲೆ ಎತ್ತಿ ನೋಡಿದರೆ ಒಂದು ಬದಿಗೆ ಹಸಿರು ಗೋದಿ, ಇನ್ನೊಂದು ಬದಿಗೆ ಬೀಳುಬಿಟ್ಟ ನೆಲ. ಕಪ್ಪಗೆ, ಬಿರುಕು ಬಿಟ್ಟುಕೊಂಡು, ಆಕಾಶದ ಅಂಚಿನವರೆಗೂ.

"ರೀ, ಗಾಡಿ ನಿಂದ್ರಸ್ರಿ!"

"ಯಾಕ, ವಾಂತಿ ಬರಾಕತ್ತೈತೇನು?"

"ಮಣ್ಣು ನೋಡ್ರೀ! ನಮ್ಮ ಎರಿ ಮಣ್ಣು!"

ತಂತಿಬೇಲಿಯ ಕೆಳಗೆ ಕೈ ತೂರಿಸಿ ಒಂದು ಹೆಂಟೆ ತೆಗೆದು ಮೂಸಿದೆ. ಅದೇ ವಾಸನೆ. ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಇವರು ನೀರಿನ ಬಾಟಲಿ ಹಿಡಿದು ಏನು ಮಾಡಬೇಕೆಂದು ತೋಚದೆ ನಿಂತಿದ್ದರು.

ಅಷ್ಟರಲ್ಲಿ ಒಂದು ಯೂಟ್ ಬಂದು ನಿಂತಿತು. ಹಿಂದೆ ತೆರೆದ ಪೆಟ್ಟಿಗೆಯಿರುವ ಸಣ್ಣ ಗಾಡಿಗೆ ಇಲ್ಲಿ ಹಾಗೆನ್ನುತ್ತಾರೆ. ಹಿಂದೆ ನಾಯಿ, ಒಳಗೆ ಅರವತ್ತರ ಆಸುಪಾಸಿನ ಹೆಂಗಸು, ಮೊಣಕಾಲುದ್ದದ ರಬ್ಬರ್ ಬೂಟು. ಕಾರು ಕೆಟ್ಟಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ನಿಮ್ಮ ಮಣ್ಣು ನೋಡುತ್ತಿದ್ದೇನೆ ಎಂದೆ. ಆಕೆ ಒಮ್ಮೆ ನನ್ನ ಹೊಟ್ಟೆ, ಒಮ್ಮೆ ಕೈಯಲ್ಲಿದ್ದ ಹೆಂಟೆ ನೋಡಿದಳು.

"ಒಂದು ಸ್ಪ್ಯಾನರ್ ಈ ಬಿರುಕಿನಲ್ಲಿ ಬಿತ್ತು. ಇನ್ನೂ ಸಿಕ್ಕಿಲ್ಲ" ಎಂದಳು.

"ನಮ್ಮಜ್ಜನ ಕುಡುಗೋಲೂ ಹಾಗೇ ಹೋಯಿತು" ಎಂದೆ.

ಪರಿಚಯಕ್ಕೆ ಅಷ್ಟು ಸಾಕಾಯಿತು. ಹೆಸರು ಜೋನ್, ಹೊಲ ಆಕೆಯದೇ. ಇಲ್ಲಿ ಹೊಲಕ್ಕೆ ಪ್ಯಾಡಕ್ ಎನ್ನುತ್ತಾರೆ. ಆಗಲೇ ನನ್ನ ತಲೆಗೆ ಸೀಗಿ ಹುಣ್ಣಿಮೆ ಹೊಳೆಯಿತು. ನಮ್ಮ ಕಡೆ ಅಂದು ಭೂಮಿತಾಯಿಗೆ ಬಸುರಿ ಬಯಕೆ. ಬಗೆಬಗೆಯ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಪೈರಿನ ನಡುವೆ ಚರಗ ಚೆಲ್ಲುತ್ತೇವೆ, ಅಂದರೆ ಅಡುಗೆಯನ್ನು ಭೂಮಿಗೇ ಉಣಿಸುತ್ತೇವೆ. ನವಲಗುಂದದಲ್ಲಿ ಪೈರು ನಿಂತಿರುವ ಹೊತ್ತಿಗೇ ಇಲ್ಲಿ ಗೋದಿ ಹಾಲುಗಾಳು ಕಟ್ಟಿರುತ್ತದೆ. ಋತುಗಳೆಲ್ಲ ತಿರುವುಮುರುವಾದ ಈ ದೇಶದಲ್ಲಿ ಇದೊಂದು ಹಬ್ಬ ಸರಿಯಾದ ಸಮಯಕ್ಕೆ ಬರುತ್ತದೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಹಬ್ಬದ ವಿಷಯ ಹೇಳಿ, ನಿಮ್ಮ ಹೊಲದಲ್ಲಿ ಚರಗ ಚೆಲ್ಲಬಹುದೇ ಎಂದು ಧೈರ್ಯ ಮಾಡಿ ಕೇಳಿದೆ. ಜೋನ್ ಬೆರಳು ಮಡಚುತ್ತ ಷರತ್ತು ಹೇಳಿದಳು. ಹಸಿ ಕಾಳು ತರಬಾರದು, ಕಳೆ ಹುಟ್ಟುತ್ತದೆ. ಬೂಟು ತೊಳೆದುಕೊಂಡು ಬರಬೇಕು. ಗೇಟು ಹಾಕಬೇಕು. ಟ್ರ್ಯಾಕ್ಟರಿನ ಗಾಲಿ ಹೋದ ಸಾಲಿನಲ್ಲೇ ನಡೆಯಬೇಕು. "ಇದರಿಂದ ಮಳೆ ಬಂದರೆ ವಾರವಾರ ಬನ್ನಿ" ಎಂದು ನಗದೆ ಹೇಳಿದಳು. ಆಗ ಈ ದೇಶದಲ್ಲಿ ವರ್ಷಗಟ್ಟಲೆ ಮಳೆ ಕೈಕೊಟ್ಟಿತ್ತು.

ಹುಣ್ಣಿಮೆ ಬಂದದ್ದು ಕೆಲಸದ ದಿನ, ನಾವು ಹೋದದ್ದು ರವಿವಾರ. ಪರದೇಶದಲ್ಲಿ ಚಂದ್ರನೂ ರಜೆಗೆ ಕಾಯಬೇಕು. ಜೋಳದ ರೊಟ್ಟಿ, ಎಣಗಾಯಿ, ಹೋಳಿಗೆ, ಕಡುಬು, ಮೊಸರನ್ನ ಎಲ್ಲ ಆದವು. ಪುಂಡಿಪಲ್ಲೆ ಸಿಗದೆ ಪಾಲಕಿಗೆ ಹುಣಸೆಹುಳಿ ಹಾಕಿ ಕಣ್ಣುಮುಚ್ಚಿ ಪುಂಡಿಯೆಂದುಕೊಂಡೆ. ಎರೆಹೊಲದಲ್ಲಿ ಕಲ್ಲು ಸಿಗುವುದಿಲ್ಲವೆಂದು ಹಾರ್ಡ್‌ವೇರ್ ಅಂಗಡಿಯಿಂದ ಕಲ್ಲನ್ನೂ ಒಯ್ದೆವು. ಅದೂ ಚೀಲದ್ದೇ.

ಪೈರಿನ ಅಂಚಿನಲ್ಲಿ ಐದು ಕಲ್ಲು ಸಾಲಾಗಿಟ್ಟೆ, ಪಾಂಡವರು. ಅವರ ಬೆನ್ನ ಹಿಂದೆ ಒಂದನ್ನು ಬೇರೆಯಾಗಿಟ್ಟೆ, ಕರ್ಣ. ಅರಿಶಿನ ಕುಂಕುಮ ಹಚ್ಚಿ, ಇವರ ಕೈಗೆ ಚರಗದ ಬುಟ್ಟಿ ಕೊಟ್ಟೆ. ಚೆಲ್ಲುವಾಗ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಪೇಟೆಯ ಮನುಷ್ಯ ಮೀಟಿಂಗಿನಲ್ಲಿ ಮಾತಾಡುವ ದನಿಯಲ್ಲಿ ಹುಲ್ಲುಲ್ಲಿಗೋ ಎಂದರು.

"ಜೋರಾಗಿ ಒದರ್ರೀ! ಭೂಮಿತಾಯಿಗಿ ಕೇಳಬ್ಯಾಡೇನು?"

ಒದರಿದರು. ಜೋನಳ ನಾಯಿಯೂ ಒದರಿತು. ದೂರದ ಮರಗಳಿಂದ ಬಿಳಿ ಗಿಳಿಗಳ ಹಿಂಡು ಕಿರುಚುತ್ತ ಎದ್ದಿತು. ಅಂಥ ನಗು ನಾನು ಈ ದೇಶಕ್ಕೆ ಬಂದ ಮೇಲೆ ನಕ್ಕಿರಲಿಲ್ಲ.

ಜೋನ್ ಕಲ್ಲುಗಳ ಮುಂದೆ ನಿಂತು ಕೇಳಿದಳು: "ಹಿಂದೆ ಒಬ್ಬನೇ ಇದ್ದಾನಲ್ಲ, ಅವನು ಯಾರು?"

"ಅವನೇ ಹಿರಿಯ ಮಗ. ಆದರೆ ಬೆಳೆದದ್ದು ಬೇರೆಯವರ ಮನೆಯಲ್ಲಿ."

"ಅದು ಅವನ ತಪ್ಪೇ?"

ಹುಟ್ಟಿದಾಗಿನಿಂದ ಕರ್ಣನನ್ನು ಹಿಂದೆ ಇಡುವುದನ್ನು ನೋಡಿದ್ದೆ, ಯಾಕೆಂದು ಯಾರೂ ಕೇಳಿರಲಿಲ್ಲ. ಹೊಟ್ಟೆಯ ಮೇಲೆ ಕೈ ತಾನಾಗಿ ಹೋಯಿತು.

ಊಟವಾದ ಮೇಲೆ ಆಕೆಗೆ ಹೋಳಿಗೆ ಕಟ್ಟಿಕೊಟ್ಟೆ. ಆಕೆ ಯೂಟಿನಿಂದ ತನ್ನ ಹಿತ್ತಲಿನ ನಿಂಬೆಹಣ್ಣು ತಂದಳು. ಇಲ್ಲಿ ನಿಂಬೆಗಿಡವಿದ್ದವರು ಕಂಡವರಿಗೆಲ್ಲ ಹಣ್ಣು ಹಂಚುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಚೀಲವಿರಲಿಲ್ಲ. "ಹಿಡಿ" ಎಂದಳು. ನಾನು ಸೆರಗು ಒಡ್ಡಿದೆ. ಆಕೆ ಎರಡೂ ಕೈಯಿಂದ ಬಾಚಿ ಬಾಚಿ ಹಾಕಿದಳು. ತಾನೇನು ಮಾಡುತ್ತಿದ್ದೇನೆಂದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಇವರಿಗೂ ಗೊತ್ತಾಯಿತು. ಇವರು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಮನೆಗೆ ಬಂದು ಫೋನ್ ಕಾರ್ಡಿನ ನಂಬರು ಒತ್ತಿ ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಕೇಳಿದ್ದು ಒಂದೇ ಮಾತು.

"ಉಡಿ ತುಂಬಿದಾಕಿಗಿ ಬರಿಗೈಲೆ ಕಳಿಸಿಲ್ಲ ಹೌದಿಲ್ಲೋ?"

"ಹೋಳಿಗಿ ಕೊಟ್ಟೀನಿ."

"ಹಂಗಾರ ಆತು ತಗೋ, ಕುಬಸ ಆತು" ಎಂದಳು. "ಅಳಿಯಂದ್ರನ್ನ ಬಿಟ್ಟು ಬರಬ್ಯಾಡ. ಕೂಸಿಗಿ ಮೊದಲ ಅಪ್ಪನ ಮಾರಿ ಕಾಣ್ಲಿ."

ಆ ಮಾತಿಗೆ ನಾನು ಕಾಯುತ್ತಿದ್ದೆನೆಂದು ಆಗಲೇ ತಿಳಿದದ್ದು. ಸಮಾಧಾನವೂ ಆಯಿತು, ತವರು ಒಂದು ಹೆಜ್ಜೆ ದೂರ ಸರಿದಂತೆ ಸಂಕಟವೂ ಆಯಿತು. ಟಿಕೆಟ್ ಬೇಡವೆಂದು ಹೇಳಿದೆವು.

ಮಗಳು ಮೆಲ್ಬರ್ನಿನಲ್ಲೇ ಹುಟ್ಟಿದಳು. ಮುಂದಿನ ಸೀಗಿಗೆ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಹೋದಾಗ ಜೋನಳ ಗೇಟಿನ ಪಕ್ಕದ ಮರದ ಕಟ್ಟೆಯ ಮೇಲೆ ನಮ್ಮ ಕಲ್ಲುಗಳಿದ್ದವು. ಬಿತ್ತುವಾಗ ಯಂತ್ರಕ್ಕೆ ಸಿಕ್ಕಾವೆಂದು ಎತ್ತಿಟ್ಟಿದ್ದಳಂತೆ. ಐದಲ್ಲ, ಆರೂ ಒಂದೇ ಸಾಲಿನಲ್ಲಿ.

ಅವ್ವನಿಗೆ ಹೇಳಿದರೆ "ಅದು ಪದ್ಧತಿ ಅಲ್ಲ ನೋಡವಾ" ಎಂದಳು. ಹೌದು, ಅಲ್ಲ. ಅದೇ ವಾರ ನವಲಗುಂದದ ಹೊಲದಲ್ಲಿ ಅವಳು ಕರ್ಣನನ್ನು ಹಿಂದೆಯೇ ಇಟ್ಟಿರುತ್ತಾಳೆ. ಇಲ್ಲಿ ಜೋನ್ ಅವನನ್ನು ತಮ್ಮಂದಿರ ಪಕ್ಕ ಕೂರಿಸಿದ್ದಾಳೆ. ಈಗಲೂ ಪ್ರತಿ ಸೀಗಿಗೆ ಐದು ಕಲ್ಲು ಇಟ್ಟು ಮುಗಿಸಿ ಆರನೆಯದನ್ನು ಕೈಗೆತ್ತಿಕೊಂಡಾಗ, ಎಲ್ಲಿಡಲಿ ಎಂದು ನನ್ನ ಕೈ ಒಂದು ಕ್ಷಣ ತಡೆಯುತ್ತದೆ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾಳೆ.