ಬಸುರಿಯರ ಪಟ್ಟಿಯಲ್ಲಿ ಹದಿನೇಳನೆಯ ಹೆಸರು

ಮೊನ್ನೆ ಮಾರ್ಕೆಟ್ಟಿನಲ್ಲಿ ಹುಣಸೆ ಚಿಗುರಿನ ಗುಡ್ಡೆಯೊಂದರ ಮುಂದೆ ನನ್ನ ಕಾಲುಗಳು ತಾವಾಗಿಯೇ ನಿಂತವು. ರಾಯಚೂರಿನ ಬಿಸಿಲಿಗೆ ಬಾಡುವ ಮೊದಲು ಆ ಚಿಗುರಿಗೊಂದು ಹುಳಿ ವಾಸನೆ ಇರುತ್ತದೆ. ಅದು ಮೂಗಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತದೆ. ಮಾರುವವಳನ್ನು ಕೇಳದೆಯೇ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡುಬಿಟ್ಟೆ. ಆ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಯವ್ವಾ, ಬಯಕಿ ಏನು?" ಎಂದಳು. ನಲವತ್ತು ದಾಟಿದ, ಮಂಡಿನೋವಿಗೆ ಎಣ್ಣೆ ಕೊಳ್ಳಲು ಹೊರಟಿದ್ದ ನಾನು ಹೊಸ ಸೊಸೆಯ ಹಾಗೆ ನಾಚಿಕೊಂಡೆ. ನಾಚಿಕೊಂಡ ತಪ್ಪಿಗೆ ಎರಡು ಸಿವುಡು ಹೆಚ್ಚಿಗೆ ಕೊಂಡೆ.

ಬಯಕೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಕೊರೊನಾ ಬಂದ ಮೊದಲ ಬೇಸಿಗೆ ನೆನಪಾಗುತ್ತದೆ. ನಿಮಗೂ ಆ ಬೇಸಿಗೆ ನೆನಪಿರಬೇಕು. ಹಾಲಿನ ಪಾಕೀಟನ್ನು ಸೋಪು ಹಚ್ಚಿ ತೊಳೆದ ಘನ ಕಾರ್ಯವನ್ನು ನೀವೂ ಮಾಡಿರಬಹುದು. ನಾನಂತೂ ಬದನೆಕಾಯಿಗೆ ಸ್ನಾನ ಮಾಡಿಸಿದ್ದೇನೆ. ಆಗ ನನಗೆ ಮೂವತ್ತಾರು, ಹೊಟ್ಟೆಯಲ್ಲಿ ಏಳು ತಿಂಗಳ ಚೊಚ್ಚಲು ಕೂಸು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುವವಳು ಎಂಬ ಕಾರಣಕ್ಕೆ ಆರೋಗ್ಯ ಇಲಾಖೆಯವರು ನನಗೊಂದು ಕೆಲಸ ಒಪ್ಪಿಸಿದ್ದರು. ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಬಸುರಿಯರ ಹೆಸರಿದ್ದ ಒಂದು ಪಟ್ಟಿ. ಅವರಿಗೆಲ್ಲ ಮನೆಯಿಂದಲೇ ಫೋನು ಮಾಡಿ ಮನಸ್ಸು ಹೇಗಿದೆ ಎಂದು ವಿಚಾರಿಸಬೇಕು. ಹೇಗೆ ವಿಚಾರಿಸಬೇಕು ಎಂಬುದಕ್ಕೆ ಒಂಬತ್ತು ಪ್ರಶ್ನೆಗಳ ಫಾರಂ ಬೇರೆ ಇತ್ತು.

ಪಟ್ಟಿಯ ಹದಿನೇಳನೆಯ ಹೆಸರು ಓದಿ ನಗು ಬಂತು. ಅದು ನನ್ನದೇ. ಆಸ್ಪತ್ರೆಯಲ್ಲಿ ಹೆಸರು ಬರೆಸಿದ ಬಸುರಿಯರಲ್ಲಿ ನಾನೂ ಒಬ್ಬಳಲ್ಲವೇ? ನನಗೆ ನಾನೇ ಫೋನು ಮಾಡಿಕೊಳ್ಳುವುದೇ! ಒಂಬತ್ತು ಪ್ರಶ್ನೆಗಳಿಗೂ "ಇಲ್ಲ, ಇಲ್ಲ" ಎಂದು ಟಿಕ್ ಹಾಕಿ, ಚಹಾ ಆರುವುದರೊಳಗೆ ಹದಿನೇಳನೆಯವಳನ್ನು ಮುಗಿಸಿದೆ.

ಉಳಿದವರದೂ ಹೆಚ್ಚುಕಡಿಮೆ ಹೀಗೆಯೇ ಮುಗಿಯುತ್ತಿತ್ತು. ನಾನು ಪಾಠದ ದನಿಯಲ್ಲಿ, "ಕಳೆದ ಎರಡು ವಾರಗಳಲ್ಲಿ ತಮಗೆ ನಿರಾಸಕ್ತಿ ಅಥವಾ ಖಿನ್ನತೆಯ ಅನುಭವವಾಗಿದೆಯೇ?" ಎಂದು ಓದುತ್ತಿದ್ದೆ. ಒಬ್ಬಳು, "ಖಿನ್ನತಿ ಅಂದ್ರ ಹೊಸಾ ಗುಳಿಗೇನ್ರಿ? ನಮ್ಮೂರಿಗಿ ಇನ್ನಾ ಬಂದಿಲ್ರಿ" ಎಂದಳು. ಮಿಕ್ಕವರೆಲ್ಲ "ಆರಾಮ ಅದೀನ್ರಿ" ಎಂದರು. ಎಷ್ಟೋ ಮನೆಗಳಲ್ಲಿ ಬಸುರಿಯ ಪರವಾಗಿ ಅತ್ತೆಯೇ ಆರಾಮವಾಗಿದ್ದಳು. ಇಡೀ ಜಿಲ್ಲೆ ರೋಗಕ್ಕೆ ನಡುಗುತ್ತಿದ್ದಾಗ ನನ್ನ ಪಟ್ಟಿಯ ಹೆಂಗಸರು ಮಾತ್ರ ಯೋಗಿಗಳಂತೆ ನಿಶ್ಚಿಂತೆಯಾಗಿದ್ದರು. ಇಷ್ಟಾದರೂ ನನಗೆ ಅನುಮಾನ ಬರಲಿಲ್ಲ ನೋಡಿ. ಮನಶ್ಶಾಸ್ತ್ರದಲ್ಲಿ ಚಿನ್ನದ ಪದಕ ಬೇರೆ ನನಗೆ!

ನನ್ನ ಕಣ್ಣು ತೆರೆಸಿದವಳು ಮಾನ್ವಿಯ ಖಾಜಾಬಿ. ಪಟ್ಟಿಗೆ ಆ ಕಡೆಯ ಹೆಸರು ಬರೆದುಕೊಟ್ಟ ಆಶಾ ಕಾರ್ಯಕರ್ತೆ, ಮೂರು ಹೆತ್ತವಳು, ನೂರಾರು ಹೆರಿಗೆಗಳಿಗೆ ಜೊತೆಯಾಗಿ ಓಡಾಡಿದವಳು. ಎಲ್ಲರೂ ಆರಾಮವಾಗಿದ್ದಾರೆ ಎಂದು ನಾನು ಹೆಮ್ಮೆಯಿಂದ ಹೇಳಿದಾಗ ಆಕೆ ನಕ್ಕ ನಗೆಗೆ ಫೋನೇ ನಡುಗಿತು.

"ಯಾ ಅಲ್ಲಾ! ಮೇಡಮ್ಮ, ಬಸುರಿನ ಯಾರರ ಹಿಂಗ ಕೇಳ್ತಾರೇನ್ರಿ? ಅತ್ತಿ ಬಾಜೂಕ ಕುಂತಿರ್ತಾಳ, ಫೋನು ಗಂಡಂದು. ಆಕಿ ಏನಂತ ಹೇಳ್ಯಾಳು? ಬಯಕಿ ಏನಾಗೇದ ಅಂತ ಕೇಳ್ರಿ. ಬಯಕಿಗೆ ಯಾವ ಅತ್ತೀನೂ ಅಡ್ಡ ಬರಂಗಿಲ್ಲ."

ಅಡ್ಡ ಬರದಿರಲು ಕಾರಣವಿದೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ವೈದ್ಯರು ಒಪ್ಪುವುದಿಲ್ಲ, ಬಿಡಿ. ಆದರೆ ಒಂಬತ್ತು ತಿಂಗಳ ಮಟ್ಟಿಗೆ ಸೊಸೆಯ ಬಾಯಿಗೆ ಇದಕ್ಕಿಂತ ದೊಡ್ಡ ಅಧಿಕಾರ ಕೊಟ್ಟ ಕಾನೂನು ನನಗೆ ಗೊತ್ತಿಲ್ಲ.

ಮರುದಿನ ಫಾರಂ ಮುಚ್ಚಿಟ್ಟು, "ಏನ್ ಬಯಕಿ ಆಗೇದವ್ವ?" ಎಂದು ಶುರುಮಾಡಿದೆ. ಅಬ್ಬಾ, ಕಾಲುವೆಯ ತೂಬು ಎತ್ತಿದಂತಾಯಿತು! ಒಬ್ಬಳಿಗೆ ರಾಯಚೂರು ಬಸ್‌ಸ್ಟ್ಯಾಂಡಿನ ಮಿರ್ಚಿ ಬೇಕು, ಅದೂ ಪೇಪರಿನಲ್ಲಿ ಎಣ್ಣೆ ಇಳಿದದ್ದೇ ಬೇಕು. ಇನ್ನೊಬ್ಬಳಿಗೆ ಒಲೆಯ ಮಣ್ಣು. ಮಟಮಾರಿಯ ಒಬ್ಬಳು ಮೊದಲು ಮಾವಿನಕಾಯಿ ಎಂದಳು. ಆಮೇಲೆ ದನಿ ಇಳಿಸಿ, "ಮಾಳಗಿ ಮ್ಯಾಲ ಒಬ್ಬಾಕಿನ ಒಂದ್ ತಾಸು ಕುಂದ್ರಬೇಕು ಅನಸ್ತದ್ರಿ. ಮನ್ಯಾಗ ಹದಿಮೂರು ಮಂದಿ ಅದೀವ್ರಿ" ಎಂದಳು. ಹಿಂದಿನಿಂದ ಅವಳ ಅತ್ತೆ, "ಹೋಗಿ ಕುಂದ್ರವ್ವಾ, ಯಾರ್ ಬ್ಯಾಡಂದಾರ? ಕೂಸಿನ ಕಿವಿ ಸೋರಿಗೀರ್ಯಾವು" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅಂಜಿಕೆ, ಸಿಟ್ಟು, ನಿದ್ದೆಗೇಡು ಎಲ್ಲವೂ ಮಾವಿನಕಾಯಿಯ ಬೆನ್ನು ಹಿಡಿದು ಹೊರಗೆ ಬಂದವು. ನನ್ನ ಒಂಬತ್ತು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು, ಒಂದನ್ನೂ ಓದದೆ.

ಏನೂ ಕೇಳದಿದ್ದವಳು ಒಬ್ಬಳೇ. ದೇವದುರ್ಗದ ಜಾಲಹಳ್ಳಿ ಕಡೆಯ ಬಸಮ್ಮ. ಚೊಚ್ಚಲು ಬಸುರಿ, ನನಗಿಂತ ಹದಿನೈದು ವರ್ಷ ಚಿಕ್ಕವಳು, ತಿಂಗಳು ಮಾತ್ರ ನನ್ನಷ್ಟೇ. ಎಷ್ಟು ಸಲ ಕೇಳಿದರೂ ಅವಳದು "ಏನೂ ಬ್ಯಾಡ್ರಿ ಅಕ್ಕೋರ" ಎಂಬ ಒಂದೇ ಮಾತು. ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದಿರುತ್ತಿದ್ದ ಅತ್ತೆ ಅಮರಮ್ಮ, "ನೋಡ್ರಿ, ಹಿಂಗ ಮಾಡ್ತಾಳ. ಒಂದ್ ತುತ್ತು ಉಣ್ಣವಲ್ಲಳು. ಗ್ವಾಡಿ ಕಡಿ ಮುಖ ಮಾಡಿ ಮಕ್ಕೋತಾಳ. ಸಿಸ್ಟರು ತೂಕ ಏರಿಲ್ಲ ಅಂತ ನನಗ ಬೈದು ಹೋದ್ರು" ಎನ್ನುತ್ತಿದ್ದರು. ನನಗೆ ಹೆದರಿಕೆಯಾಯಿತು. ಖಾಜಾಬಿಗೆ ಹೇಳಿದರೆ ಆಕೆ, "ಬಯಕಿ ಇಲ್ಲದ ಬಸುರಿ ಇರಂಗಿಲ್ಲ ಮೇಡಮ್ಮ. ಬಾಯಿತನಕ ಬಂದಿಲ್ಲ, ಅಷ್ಟ. ಬಿಡಬ್ಯಾಡ್ರಿ ಆಕೀನ" ಎಂದಳು.

ಬಿಡಲಿಲ್ಲ. ದಿನಾ ಮಧ್ಯಾಹ್ನ ಫೋನು ಮಾಡಿದೆ. ಅವಳು ಮಾತಾಡದಿದ್ದರೆ ನಾನೇ ಮಾತಾಡುತ್ತಿದ್ದೆ. ಬದನೆಕಾಯಿಯ ಸ್ನಾನದ ಕಥೆ ಹೇಳಿದ ದಿನ ಆ ಕಡೆಯಿಂದ ಮೂಗಿನಲ್ಲಿ ಬಂದ ಒಂದು ಸಣ್ಣ ನಗು ಕೇಳಿತು. ಎಂಟನೆಯ ದಿನ, ನಾನು ಕೇಳುವ ಮೊದಲೇ ಬಸಮ್ಮ ಅಂದಳು:

"ಅಕ್ಕೋರ, ನಮ್ಮವ್ವನ ಕೈಲೆ ತಲಿ ಬಾಚಿಸ್ಕೋಬೇಕು ಅನಸ್ತದ್ರಿ."

ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು; ತವರು ಮಾನ್ವಿಯ ಹತ್ತಿರ. ಬಸ್ಸಿಲ್ಲ, ದಾರಿಯಿಲ್ಲ. ಅವ್ವನ ಮುಖ ನೋಡದೆ ಹೆರಿಗೆಯಲ್ಲಿ ಸತ್ತುಹೋಗುತ್ತೇನೆ ಎಂದು ಹುಡುಗಿ ಒಳಗೊಳಗೇ ತೀರ್ಮಾನಿಸಿಕೊಂಡಿದ್ದಳು. ಅದನ್ನು ಅತ್ತೆಯ ಮುಂದೆ ಹೇಗೆ ಹೇಳುವುದು? ಅತ್ತೆ ಕೆಟ್ಟವಳೇನಲ್ಲ, ಆದರೆ ಅತ್ತೆ.

ಸ್ಪೀಕರಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮರಮ್ಮನ ದನಿ ಬಂತು: "ಹುಚ್ಚಿ, ಇದನ್ನ ಹೇಳಾಕ ಇಷ್ಟು ದಿನ ಬೇಕಾದ್ವಾ? ಬಯಕಿ ಅಂದ್ಮ್ಯಾಲ ಆತು. ನಾ ಕರಸ್ತೀನಿ."

ಎರಡೂ ಕಡೆಯ ಹಳ್ಳಿಯವರು ರೋಗ ಬರಬಾರದೆಂದು ದಾರಿಗೆ ಜಾಲಿ ಕಂಟಿ ಕಡಿದು ಅಡ್ಡ ಹಾಕಿದ್ದರು. ಭತ್ತ ಸಾಗಿಸುವ ಗಾಡಿಗಳಿಗೆ ಮಾತ್ರ ವಿನಾಯಿತಿ ಇತ್ತು. ಖಾಜಾಬಿಯ ಗಂಡ ಮಾನ್ವಿಯ ರೈಸ್ ಮಿಲ್ಲಿನಲ್ಲಿ ಹಮಾಲ. ಆಕೆ ಕಚೇರಿಗೆ ಅಲೆದು ಬಸಮ್ಮನ ತಾಯಿಗೆ ಪಾಸು ಮಾಡಿಸಿದಳು. ಗಂಡ ಆ ತಾಯಿಯನ್ನು ಭತ್ತ ಇಳಿಸಿ ಜಾಲಹಳ್ಳಿ ಕಡೆ ಮರಳುವ ಖಾಲಿ ಟ್ರ್ಯಾಕ್ಟರಿನಲ್ಲಿ ಕೂರಿಸಿದ. ಊರ ಬಾಗಿಲಲ್ಲಿ ಕಾವಲು ಕೂತಿದ್ದ ಹಿರಿಯರು ತಡೆದರಂತೆ. ಅಮರಮ್ಮ ಸೆರಗು ಸಿಕ್ಕಿಸಿ, "ನನ್ನ ಮೊಮ್ಮಗಂದು ಕಿವಿ ಸೋರಿದ್ರ ನೀವು ಬಂದು ಒರಸ್ತೀರೇನು?" ಎಂದು ಕೇಳಿದರಂತೆ. ಕಂಟಿ ಹಾಕಿದವರೇ ಕಂಟಿ ಎಳೆದರು. ಆದರೆ ಹದಿನಾಲ್ಕು ದಿನ ಬೀಗಿತ್ತಿ ಸಾಲೆಯ ಕೋಣೆಯಲ್ಲೇ ಇರಬೇಕೆಂಬ ಷರತ್ತು ಹಾಕಿದರು. ಬಸಮ್ಮ ದಿನಾ ಸಾಲೆಯ ಕಾಂಪೌಂಡಿನ ಹೊರಗೆ ಬೇವಿನ ನೆರಳಲ್ಲಿ ಕೂತು, ಕಿಟಕಿಯೊಳಗಿನ ಅವ್ವನೊಂದಿಗೆ ಕೂಗಿ ಮಾತಾಡುತ್ತಿದ್ದಳು. ಅತ್ತೆ ಬುತ್ತಿ ಕಟ್ಟಿ ಎರಡು ಪಾಲು ಮಾಡಿ ಒಯ್ಯುತ್ತಿದ್ದರು. ಮೂರನೆಯ ದಿನಕ್ಕೇ ಹುಡುಗಿ ಎರಡು ರೊಟ್ಟಿ ತಿಂದಳೆಂಬ ಸುದ್ದಿ ಬಂತು. ನಾನು ಒಬ್ಬಳೇ ಮನೆಯಲ್ಲಿ ಚಪ್ಪಾಳೆ ತಟ್ಟಿದೆ.

ಹದಿನೈದನೆಯ ದಿನ ಫೋನು ಅವರಿಂದಲೇ ಬಂತು. "ಅಕ್ಕೋರ, ಕೇಳ್ರಿ" ಎಂದು ಬಸಮ್ಮ ಫೋನನ್ನು ತಲೆಯ ಹತ್ತಿರ ಹಿಡಿದಳು. ಬಾಚಣಿಗೆ ಎಳೆಯುವ ಸರಸರ ಸದ್ದು. "ಏನ್ ಸಿಕ್ಕು ಮಾಡ್ಕೊಂಡೀಯವ್ವ, ಅಳ್ಳಾಡಬ್ಯಾಡ" ಎಂದು ಬೈಯುವ ಅವ್ವನ ದನಿ. ಆ ಸಂತೋಷವನ್ನು ನಾನು ಹೇಗೆ ಹೇಳಲಿ! ನಗುತ್ತಾ ಕೂತಿದ್ದೆ. ಆಗ ಬಸಮ್ಮ ಇದ್ದಕ್ಕಿದ್ದಂತೆ ಕೇಳಿದಳು: "ನೀವೂ ಎರಡು ಜೀವ ಅದೀರಂತ? ಖಾಜಾಬಿ ಹೇಳಿದ್ಲು. ನಿಮಗೇನ್ ಬಯಕಿ ಆಗೇದ್ರಿ?"

"ಏನಿಲ್ಲವ್ವ, ಆರಾಮ ಅದೀನಿ" ಎಂದೆ.

"ನಾನೂ ಹಂಗ ಅಂತಿದ್ದೆ" ಎಂದು ಅವಳು ನಕ್ಕಳು.

ಹದಿನೇಳನೆಯವಳ ಸುಳ್ಳು ಒಂಬತ್ತು ಕಡೆಯೂ ಒಮ್ಮೆಗೇ ಸಿಕ್ಕಿಬಿತ್ತು. ದಿನಾ ಬೆಳಿಗ್ಗೆ ಎದೆ ಒತ್ತಿ ಎಚ್ಚರವಾಗುತ್ತಿದ್ದುದು, ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದುದು, ಎಲ್ಲಕ್ಕೂ ಹಾರ್ಮೋನು ಎಂದು ಹೆಸರಿಟ್ಟು ಸುಮ್ಮನಾಗುತ್ತಿದ್ದುದು. ನಮ್ಮವರಿಗೆ ಬ್ಯಾಂಕಿನ ಕೆಲಸ. ದಿನಾ ನೂರು ಮಂದಿಯನ್ನು ಕಂಡು ಬರುವ ತನ್ನಿಂದ ನನಗೇನೂ ತಗಲಬಾರದೆಂದು ಎರಡು ತಿಂಗಳಿಂದ ಮುಂದಿನ ಕೋಣೆಯಲ್ಲೇ ಉಣ್ಣುತ್ತಿದ್ದರು, ಮಲಗುತ್ತಿದ್ದರು. ಪ್ರೀತಿಯಿಂದಲೇ ಆರು ಅಡಿ ದೂರವಿದ್ದರು.

"ನಮ್ಮವರು ಒಂದು ಸಲ ನನ್ನ ಹೊಟ್ಟೆ ಮೇಲೆ ಕೈ ಇಡಲಿ ಅನಸ್ತದವ್ವ" ಎಂದುಬಿಟ್ಟೆ.

ಅವತ್ತು ಭಾನುವಾರ, ಅವರು ಮನೆಯಲ್ಲಿದ್ದರು. ಫೋನು ಕಾದು ಕಿವಿ ಸುಡುತ್ತಿದ್ದುದರಿಂದ ನಾನೂ ಸ್ಪೀಕರ್ ಹಾಕಿ, ಬಾಗಿಲು ತೆರೆದಿಟ್ಟು, ಜೋರಾಗಿಯೇ ಮಾತಾಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ನಲ್ಲಿಯ ಸದ್ದು, ಬಹಳ ಹೊತ್ತು. ಅವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಮುಖಕ್ಕೆ ಎರಡು ಮಾಸ್ಕು ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಕಣ್ಣಷ್ಟೇ ಕಾಣುತ್ತಿತ್ತು; ಒದ್ದೆಯಾಗಿತ್ತು. ಬಂದು, ತಣ್ಣಗಿದ್ದ ಅಂಗೈಯನ್ನು ಇಟ್ಟರು. ಒಳಗಿದ್ದವಳು ಅಪ್ಪನನ್ನು ಒದ್ದಳು. ಫೋನಿನಿಂದ ಅಮರಮ್ಮ, "ಇಟ್ರೇನ್ರಿ?" ಎಂದು ಕೂಗಿದರು. ಇಬ್ಬರೂ ನಕ್ಕೆವು.

ಬಸಮ್ಮನಿಗೂ ಹೆಣ್ಣು, ನನಗೂ ಹೆಣ್ಣು, ವಾರದ ಅಂತರ. ಊರು ತೆರೆಯಿತು, ಬಸ್ಸು ಓಡಿದವು, ನಮ್ಮ ಫೋನು ಮಾತ್ರ ಕಡಿಮೆಯಾಗುತ್ತಾ ಹೋಗಿ ಹಬ್ಬಕ್ಕೊಂದು ಮಾತಾಯಿತು. ಆರಾಮ ಬಂದ ಮೇಲೆ ಆರಾಮ ಕೇಳುವವರು ಕಡಿಮೆ, ಏನು ಮಾಡುವುದು! ಆದರೆ ಮೊನ್ನೆ ಹುಣಸೆ ಚಿಗುರು ಹಿಡಿದು ಮನೆಗೆ ಬಂದವಳು ತಡೆಯಲಾರದೆ ಬಸಮ್ಮನಿಗೆ ಫೋನು ಹಚ್ಚಿದೆ. ಮತ್ತೆ ಬಸುರಿಯಂತೆ, ಐದು ತಿಂಗಳು. ಏನು ಬಯಕೆ ಎಂದೆ. "ನಿಮ್ಮ ಮುಖ ನೋಡಬೇಕ್ರಿ" ಎಂದಳು. ಹೌದಲ್ಲ, ಇಷ್ಟು ವರ್ಷವಾದರೂ ನಾವು ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ.

ನಿನ್ನೆ ದೇವದುರ್ಗದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹಿಡಿದು ಜಾಲಹಳ್ಳಿಯಲ್ಲಿ ಇಳಿದೆ. ನಿಲ್ದಾಣದಲ್ಲಿ ಅತ್ತೆ ಸೊಸೆ ನಿಂತಿದ್ದರು. ದಪ್ಪ ಜಡೆಯ ಎತ್ತರದ ಹೆಂಗಸು ನನ್ನನ್ನು ನೋಡಿ, "ಅಕ್ಕೋರ, ನೀವು ಇಷ್ಟು ಗಿಡ್ಡ ಅದೀರಾ? ಧ್ವನಿ ಕೇಳಿ ನಾ ಏನೋ ಅಂದ್ಕೊಂಡಿದ್ದೆ!" ಎಂದು ಕೈ ಹಿಡಿದುಕೊಂಡಳು. ನನಗೆ ನಗು, ಅಳು ಎರಡೂ ಬಂದವು.

ಅಮರಮ್ಮ ನನ್ನ ಚೀಲ ಕಸಿದು ತಲೆಯ ಮೇಲಿಟ್ಟುಕೊಂಡು, "ನೀವಿಬ್ರೂ ಮಾತಾಡ್ಕೊಂತ ಸಾವಕಾಶ ಬರ್ರಿ. ಈ ಸಲ ನಾ ಬಾಜೂಕ ನಿಂತು ಕೇಳಂಗಿಲ್ಲ" ಎಂದು ಮುಂದೆ ನಡೆದುಬಿಟ್ಟರು.